ದಟ್ಟಣೆ ತೆರಿಗೆ ಆಮೇಲೆ, ಮೊದಲು ಬಸ್ಸು ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕಾರಿನಲ್ಲಿ ಒಬ್ಬರೇ ಹೋದರೆ ದಟ್ಟಣೆ ತೆರಿಗೆ ಹಾಕಬೇಕು ಅನ್ನುವ ಮಾತು 2025ರ ಸೆಪ್ಟೆಂಬರಿನಲ್ಲಿ ಸುದ್ದಿಯಾದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ‘ರೋಡ್ ಟ್ಯಾಕ್ಸ್ ಕಟ್ಟಿದ್ದೀವಿ, ಪೆಟ್ರೋಲ್ ಮೇಲೂ ಕಟ್ತೀವಿ, ಇನ್ನೆಷ್ಟು ಸಲ ಕಟ್ಬೇಕು?’ ಅನ್ನುವವರೇ ಜಾಸ್ತಿ. ಆ ಸಿಟ್ಟು ಸುಳ್ಳಲ್ಲ. ಆದರೂ ಈ ತೆರಿಗೆಯೇ ಬೇಡ ಅಂತ ನಾನು ಹೇಳಲಾರೆ. ಬಸ್ಸಿಗಿಂತ ಮೊದಲು ತೆರಿಗೆ ಬರುವುದು ಬೇಡ, ಅಷ್ಟೇ.

ನನಗೂ ಕಾರಿದೆ. ಹೋದ ತಿಂಗಳು, ಒಂದು ವಾರ ಬಸ್ಸಿನಲ್ಲೇ ಆಫೀಸಿಗೆ ಹೋಗಿ ನೋಡೋಣ ಅಂತ ಹೊರಟೆ. ಮನೆಯಿಂದ ನಿಲ್ದಾಣ ಏಳೇ ನಿಮಿಷದ ದಾರಿ, ಆದರೆ ಫುಟ್‌ಪಾತಿನ ಚಪ್ಪಡಿಗಳು ಎದ್ದು ನಿಂತಿವೆ, ಮುಂದೆ ಕಾಮಗಾರಿಯ ತಗಡು ಅಡ್ಡ ಬರುತ್ತದೆ, ಹಾಗಾಗಿ ರಸ್ತೆಗೇ ಇಳಿದು ಬೈಕುಗಳು ಮೊಣಕೈ ಸವರಿಕೊಂಡು ಹೋಗುವಾಗ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ನಿಲ್ದಾಣದಲ್ಲಿ ನೆರಳಿಲ್ಲ. ಬುಧವಾರ ಎರಡು ಬಸ್ಸು ಬಾಗಿಲ ತನಕ ತುಂಬಿಕೊಂಡು ಬಂದು ನಿಲ್ಲಿಸದೇ ಹೋದವು. ಪಕ್ಕದಲ್ಲಿದ್ದ, ಮನೆಗೆಲಸಕ್ಕೆ ಹೋಗುವ ಹೆಂಗಸೊಬ್ಬರು ‘ದಿನಾ ಇದೇ ಸಾರ್, ಲೇಟಾದ್ರೆ ಅಲ್ಲಿ ಬೈತಾರೆ’ ಅಂದರು. ಗುರುವಾರ ನಾನು ಕಾರು ತೆಗೆದೆ. ಅವರು ಏನು ತೆಗೆಯಬೇಕು?

2019ರ ಅಕ್ಟೋಬರಿನಲ್ಲಿ ಇದೇ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದ ಕಡೆಗೆ, ಬಸ್ಸಿಗೇ ಅಂತ ಒಂದು ಪಥ ಬಿಟ್ಟಿದ್ದರು, ನೆನಪಿದೆಯಲ್ವಾ? ಕೊರೊನಾ ಬಂತು, ಮೆಟ್ರೊ ಕೆಲಸ ಶುರುವಾಯಿತು, ಪಥ ಹೋಯಿತು.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಇಂಥದ್ದೇ ತೆರಿಗೆಯನ್ನು 2006ರ ಜನವರಿಯಿಂದ ಏಳು ತಿಂಗಳು ಹಾಕಿ ನೋಡಿದರು. ಹೆಚ್ಚುವರಿ ಬಸ್ಸುಗಳು ಮಾತ್ರ 2005ರ ಆಗಸ್ಟಿನಲ್ಲೇ ರಸ್ತೆಗಿಳಿದಿದ್ದವು. ಮೊದಲು ಅಲ್ಲಿಯೂ ಬೇಡ ಅಂದವರೇ ಜಾಸ್ತಿ. ಗಾಡಿಗಳು ಕಡಿಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ, ಸೆಪ್ಟೆಂಬರಿನಲ್ಲಿ ನಡೆದ ಮತದಾನದಲ್ಲಿ ನಗರದ ಹೆಚ್ಚು ಜನ ಇರಲಿ ಅಂದರು. ನಮ್ಮಲ್ಲಿ 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು, ಮುಂದಿನ ತಿಂಗಳೇ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕಾರು ಬಿಟ್ಟು ಬಂದವರಿಗೇ ಮೊದಲು ಬರೆ ಎಳೆದ ಹಾಗಾಯಿತು.

ಇನ್ನೊಂದು ಮಾತು. ಈಗ ಬೆಂಗಳೂರಿಗೆ ಐದು ಪಾಲಿಕೆಗಳು. ಈ ದುಡ್ಡು ಯಾರ ಖಾತೆಗೆ ಹೋಗುತ್ತದೆ, ಅದರಲ್ಲಿ ಬಸ್ಸಿಗೆಷ್ಟು, ಫುಟ್‌ಪಾತಿಗೆಷ್ಟು ಅಂತ ತೆರಿಗೆ ಹಾಕುವ ಮುಂಚೆಯೇ ಬರೆದು ಕೊಡಲಿ. ಸುಮ್ನೆ ‘ಅಭಿವೃದ್ಧಿಗೆ’ ಅಂದರೆ ಯಾರೂ ನಂಬುವುದಿಲ್ಲ.

ಮೆಟ್ರೊ ಕೆಲಸ ಮುಗಿದ ಕಡೆಯಲ್ಲೆಲ್ಲ ಆ ಬಸ್ ಪಥವನ್ನು ವಾಪಸ್ ಕೊಡಲಿ, ಐದು ನಿಮಿಷಕ್ಕೊಂದು ಬಸ್ಸು ಬಿಡಲಿ, ಆರು ತಿಂಗಳು ನೋಡಲಿ. ಆಮೇಲೂ ನಾನು ಒಬ್ಬನೇ ಕಾರಿನಲ್ಲಿ ಕೂತು ಹೋದರೆ ತೆರಿಗೆ ಹಾಕಲಿ, ಕಟ್ಟುತ್ತೇನೆ.

– ಒಬ್ಬ ಓದುಗ, ಬೆಂಗಳೂರು