ಮೈಕಿಗೆ ಜನರೇಟರ್, ನಮಗೆ ಬುದ್ಧಿವಾದ

ಮಾನ್ಯರೇ,

‘ಆಹಾರ ಪೋಲು ತಪ್ಪಿಸಿ, ಮನೆ ಖರ್ಚು ಉಳಿಸಿ’ ಎಂದು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರ ಅಧಿಕಾರಿಗಳು ಹೇಳಿದರೆಂಬ ನಿಮ್ಮ ಪತ್ರಿಕೆಯ ವರದಿಯನ್ನು ಮೂಗು ಮುಚ್ಚಿಕೊಂಡೇ ಓದಿದೆ. ಆಗ ನಾನು ಫ್ರಿಜ್ ತೊಳೆಯುತ್ತಿದ್ದೆ.

ಶನಿವಾರ ಬೆಳಗ್ಗೆ 10ಕ್ಕೆ ನಮ್ಮ ಟಿ.ಸಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಕರೆಂಟ್ ಬಂದದ್ದು ಭಾನುವಾರ ಸಂಜೆ 5ಕ್ಕೆ. ಬಾಗಿಲು ತೆಗೆಯದಿದ್ದರೂ ಫ್ರಿಜ್ ತಣ್ಣಗಿರುವುದು ಸುಮಾರು 4 ಗಂಟೆ. ನಮ್ಮದು 31 ಗಂಟೆ ಬರೀ ಕಪಾಟಾಗಿತ್ತು. ನಾನೂ ಅತ್ತೆಯೂ ಎರಡು ಸಂಜೆ ಕೂತು 4 ಕೆ.ಜಿ. ಅವರೆಕಾಯಿ ಸುಲಿದು, ನೆನೆಸಿ, ಹಿದಕಿ ಇಟ್ಟ ಬೇಳೆ ಲೋಳೆಯಾಗಿತ್ತು. ದೋಸೆ ಹಿಟ್ಟು ಉಕ್ಕಿ, ಮುಚ್ಚಳ ತಳ್ಳಿ, ತರಕಾರಿ ಟ್ರೇವರೆಗೂ ಇಳಿದಿತ್ತು. ಒಣಗಿ ಅಂಟಿದ್ದನ್ನು ಉಗುರಲ್ಲಿ ಕೆರೆದೆ. ಹಾಲು ಒಡೆಯಿತು, ಕಾಯಿತುರಿ ಕೆಂಪಗಾಯಿತು. ಏನಿಲ್ಲವೆಂದರೂ 900 ರೂಪಾಯಿ ಹೋಯಿತು. ಅತ್ತೆಯ ಬೆರಳು ನೋವು ಬೇರೆ.

ವಿಶ್ವಸಂಸ್ಥೆಯ 2024ರ ವರದಿ ಹಿಡಿದು, ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಪೋಲಾಗುತ್ತದೆ ಎಂದರಂತೆ. ಆ ಲೆಕ್ಕದಲ್ಲಿ ಸಿಪ್ಪೆ, ಮೂಳೆಯೂ ಸೇರಿದೆ ಅಂತ ಹೇಳಲಿಲ್ಲ. ಟಿ.ಸಿ. ಸುಟ್ಟು ಹಾಳಾದದ್ದು ಯಾರ ತಲೆಗೆ? ಉಳಿದದ್ದನ್ನು ಮತ್ತೆ ಬಳಸಿ ಎಂಬ ಪಾಠ ಬೇರೆ! ರಾತ್ರಿ ಅನ್ನ ಬೆಳಗ್ಗೆ ಚಿತ್ರಾನ್ನ, ಹುಳಿ ಹಿಟ್ಟು ಪಡ್ಡು, ಹೀರೆಕಾಯಿ ಸಿಪ್ಪೆ ಚಟ್ನಿ. ಇದನ್ನೆಲ್ಲ ಅವರೇ ಕಂಡುಹಿಡಿದರಾ? 31 ಗಂಟೆಯ ಹಿಟ್ಟಲ್ಲಿ ಪಡ್ಡು ಹುಯ್ದು ತೋರಿಸಲಿ, ನಾನೇ ಬಡಿಸುತ್ತೇನೆ.

ಬಡಾವಣೆಗೆಲ್ಲ ಕರೆಂಟಿಲ್ಲದಾಗ ಮೈಕ್ ಹೇಗೆ ಮಾತಾಡಿತು ಅಂತೀರಾ? ಜನರೇಟರ್ ತರಿಸಿದ್ದರು. ನೀವು ಹಾಕಿದ ಫೋಟೊದಲ್ಲಿ ಹಾರ ಹಾಕಿಕೊಂಡು ಎಡತುದಿಯಲ್ಲಿ ನಗುತ್ತಿರುವವರು ಕರೆಂಟ್ ಆಫೀಸಿನ ಸಾಹೇಬರೇ ಅಲ್ವಾ? ಅದೇ ಹೊತ್ತಿಗೆ ಅವರ ಆಫೀಸಿನಿಂದ ನನಗೆ ‘ಲೈನ್‌ಮನ್ ಹೊರಟಿದ್ದಾರೆ ಮೇಡಂ’ ಎಂಬ ಉತ್ತರ. ಐದು ಸಲ. ಕಾಶಿಯಿಂದ ಹೊರಟಿದ್ದರೋ ಏನೋ. ಊಟ ಮುಗಿದ ಮೇಲೆ ಭವನದ ಹಿಂದಿನ ಮೋರಿಯಲ್ಲಿ ಪಲಾವ್ ತೇಲುತ್ತಿದ್ದುದನ್ನು ನಮ್ಮ ಬೀದಿಯವರೆಲ್ಲ ನೋಡಿದ್ದಾರೆ.

ಈ ಟಿ.ಸಿ.ಯಿಂದ ಕಿಡಿ ಹಾರುತ್ತಿದೆ ಅಂತ ದೀಪಾವಳಿಯಲ್ಲೇ ಅರ್ಜಿ ಕೊಟ್ಟಿದ್ದೆವು. ‘ಪಟಾಕಿ ಇರಬಹುದು’ ಅಂದರು ಪುಣ್ಯಾತ್ಮರು. ನೀರಿನ ಪೈಪಿಗೆ ಅಗೆದ ರಸ್ತೆ ಗಣೇಶನ ಹಬ್ಬದಿಂದ ಬಾಯಿ ಬಿಟ್ಟುಕೊಂಡಿದೆ. ಆ ಗುಂಡಿಯ ನೆಪ ಹೇಳಿ ಹಸಿ ಕಸದ ಗಾಡಿಯೂ ಒಳಗೆ ಬರುವುದಿಲ್ಲ. ಇವತ್ತು ಬುಧವಾರ. ಬೇಳೆ, ಹಿಟ್ಟು ಇನ್ನೂ ಗೇಟಿನ ಹತ್ತಿರ ಬಕೆಟ್ಟಿನಲ್ಲೇ ಇದೆ. ನಾಯಿಗಳು ಮಾತ್ರ ತಪ್ಪದೆ ಬರುತ್ತಿವೆ.

ಟಿ.ಸಿ. ಬದಲಾಯಿಸಲಿ. ಆಗದಿದ್ದರೆ ಕಸದ ಗಾಡಿಯನ್ನಾದರೂ ಕಳಿಸಲಿ. ಅದೂ ಆಗದಿದ್ದರೆ ಆ ಜನರೇಟರನ್ನೇ ನಮ್ಮ ಅಡ್ಡರಸ್ತೆಗೆ ತಂದಿಡಲಿ. ಏನಾದರೂ ಒಂದು ಮಾಡಲಿ ಸ್ವಾಮಿ, ಸುಮ್ನೆ ನಮ್ಮ ಅಡುಗೆಮನೆಗೆ ಬಂದು ಬುದ್ಧಿ ಹೇಳುವುದು ಬೇಡ!

– ನೊಂದ ಗೃಹಿಣಿ, 4ನೇ ಅಡ್ಡರಸ್ತೆ