ಎಂ.ಎ. ಮುಗಿಯಿತು, ಅಕ್ಕನಿಗೆ ಥ್ಯಾಂಕ್ಸ್ ಹೇಳಬೇಕು

ಸಮಾಜಶಾಸ್ತ್ರ ಎಂ.ಎ. ರಿಸಲ್ಟ್ ಬಂತು. ಫಸ್ಟ್ ಕ್ಲಾಸ್! ಹಾರೈಸಿದ ಎಲ್ಲರಿಗೂ, ಪ್ರಬಂಧ ತಿದ್ದಿಕೊಟ್ಟ ಗೈಡ್ ಮೇಡಂಗೆ, ಲೈಬ್ರರಿಯ ಅಣ್ಣನಿಗೆ, ಫೀಸಿಗೆ ದುಡ್ಡು ಹೊಂದಿಸಿದ ಮಾವನಿಗೆ ಮನಸಾರೆ ಧನ್ಯವಾದ.

ಇನ್ನು ಹಾಸ್ಟೆಲಿನ ಪಕ್ಕದ ರೂಮಿನ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ.

ಅಮ್ಮ ಕೆಲಸಕ್ಕಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿ ಬಾಗಿಲು ಹಾಕಿ, ಅವರ ಕೆಲಸ ಹೋದ ರಾತ್ರಿ ಅದು. ಓದು ಬಿಟ್ಟು ಬೆಂಗಳೂರಿಗೆ ಹೊರಡಲು ಬ್ಯಾಗ್ ತುಂಬಿಟ್ಟಿದ್ದೆ. ನಮ್ಮ ಹಣೆಬರಹವೇ ಇಷ್ಟು ಅಂತ ಅಳುತ್ತಿದ್ದೆ. ಅಕ್ಕ ಬುದ್ಧಿ ಹೇಳಲಿಲ್ಲ. ಅನ್ನ ಕಲಸಿ ಕೊಟ್ಟರು. ಮಾರನೇ ದಿನ ಅವರಿಗೆ ಪರೀಕ್ಷೆ ಇತ್ತು. ಆದರೂ ಬೆಳಗಾಗುವವರೆಗೆ ಜೊತೆಗೇ ಕೂತಿದ್ದರು. ನಡುವೆ ಒಂದೇ ಪ್ರಶ್ನೆ ಕೇಳಿದರು: "ಅಮ್ಮನ ಜೊತೆ ಇನ್ನೂ ಎಷ್ಟು ಜನರ ಕೆಲಸ ಹೋಯ್ತು?"

ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೂ ಹೊಳೆದಿರಲಿಲ್ಲ.

ಕ್ಲಾಸಿನಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಅವರನ್ನು ಓದಿದ್ದೆವು. ಲಕ್ಷ ಜನರಿರುವ ಊರಿನಲ್ಲಿ ಒಬ್ಬನಿಗೆ ಕೆಲಸ ಇಲ್ಲದಿದ್ದರೆ ಅದು ಅವನ ಕಷ್ಟ. 5 ಕೋಟಿ ಕೆಲಸಗಾರರಲ್ಲಿ 1.5 ಕೋಟಿ ಜನ ಖಾಲಿ ಕೂತರೆ ಅದು ದೇಶದ ಸಮಸ್ಯೆ. ಅವರು 1959ರಲ್ಲಿ ಹೇಳಿದ ಈ ಮಾತನ್ನು ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದು ನಮ್ಮ ಮನೆಯ ವಿಷಯವೂ ಹೌದು ಅಂತ ಗೊತ್ತಾಗಿದ್ದು ಅಕ್ಕ ಕೇಳಿದ ಮೇಲೆ.

ಆಮೇಲೆ ಪ್ರಬಂಧಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೇ ಆರಿಸಿಕೊಂಡೆ. ಅವರ ಮನೆಗಳಲ್ಲಿ ಕೂತು ಟಾರ್ಗೆಟ್, ಓವರ್‌ಟೈಮ್, ಬಾಡಿಗೆ, ಮಕ್ಕಳ ಮಾತು ಕೇಳಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿಯಾದಾಗ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದಿದ್ದರು. ಕೇಂದ್ರ ಸರ್ಕಾರ ಆ ನಿಯಮ ಕೈಬಿಡಬೇಕಾಯಿತು. ಅವತ್ತು ಹೊಸೂರು ರಸ್ತೆಯಲ್ಲಿ ಅಮ್ಮನೂ ಇದ್ದರಂತೆ! ನೋಟ್‌ಬುಕ್ ಹಿಡಿದು ಕೇಳುವವರೆಗೆ ನನಗದು ತಿಳಿದಿರಲಿಲ್ಲ. ಯಾಕಮ್ಮ ಹೇಳಲಿಲ್ಲ ಅಂದರೆ, "ನೀನು ಯಾವಾಗ ಕೇಳಿದ್ದೆ?" ಅಂದರು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ.

ಸೋಶಿಯಾಲಜಿ ಓದಿದರೆ ಏನು ಕೆಲಸ ಸಿಗುತ್ತೆ ಅಂತ ಕೇಳುವವರಿಗೆ: ಹುಡುಕುತ್ತಿದ್ದೇನೆ, ಆ ಚಿಂತೆ ಸುಳ್ಳಲ್ಲ. ಆದರೆ ಅಮ್ಮನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದ ನನಗೆ ಈಗ ಅವರ ಬಗ್ಗೆ ಹೆಮ್ಮೆ ಇದೆ. ಇದನ್ನು ಕೊಟ್ಟಿದ್ದು ಈ ಓದು.

ಅಕ್ಕ, ಅಮ್ಮ ನಿಮ್ಮನ್ನು ನೋಡಲೇಬೇಕಂತೆ. ಈ ಭಾನುವಾರ ಮನೆಗೆ ಊಟಕ್ಕೆ ಬನ್ನಿ. ಜೂನಿಯರ್ಸ್ ಯಾರಿಗಾದರೂ ನನ್ನ ನೋಟ್ಸ್ ಬೇಕಿದ್ದರೆ ಮೆಸೇಜ್ ಮಾಡಿ, ಕಳಿಸುತ್ತೇನೆ.