ಎಲೆ ಅಡಿಕೆ ಸಾಕ್ಷಿ ಹೇಳುತ್ತಾ?

ಮಾನ್ಯರೇ,

ಎರಡು ವರ್ಷದ ಹಿಂದೆ ನಮ್ಮ ಭಾವ ಒಂದು ಹಳೆ ಮನೆ ಕೊಳ್ಳಲು ಹೋಗಿದ್ದರು. ಜಗಲಿ ಮೇಲೆ ಮಾತು ಮುಗಿಯಿತು. ಎಲೆ ಅಡಿಕೆ ಬದಲಾಯಿಸಿ, ಎರಡು ಲಕ್ಷ ನಗದು ಕೊಟ್ಟರು. ಕಾಗದ ಕೇಳಿದ್ದಕ್ಕೆ ‘ನಮ್ಮನಮ್ಮಲ್ಲಿ ಅದೆಲ್ಲ ಯಾಕೆ?’ ಎಂದರಂತೆ ಮಾಲೀಕರು. ಪಕ್ಕದ ರಸ್ತೆ ಅಗಲವಾಯಿತು, ರೇಟು ಏರಿತು. ಈಗ ‘ಅದು ಕೈಸಾಲ’ ಅನ್ನುತ್ತಾರೆ!

ಬಾಯಿಮಾತಿನ ಕರಾರು ಕೋರ್ಟಿನಲ್ಲಿ ನಿಲ್ಲುವುದೇ ಇಲ್ಲ ಎಂದೇನಿಲ್ಲ. 1990ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ಮಾನ್ಯತೆ ಉಂಟು ಎಂದಿದೆ. ಆದರೆ ಬೆಲೆ, ಗಡುವು, ಷರತ್ತು ಎಲ್ಲವನ್ನೂ ಸಾಬೀತು ಮಾಡುವ ಹೊರೆ ಕೊಳ್ಳುವವನದ್ದು. ಮಾತಾದ ದಿನಕ್ಕೆ ಇದ್ದ ಒಬ್ಬನೇ ಸಾಕ್ಷಿ ಮಾಲೀಕರ ಷಡ್ಡಕ. ಅವರು ಬಾಯಿ ಬಿಡ್ತಾರಾ? ದಾವೆ ಹಾಕಲು ಇರುವುದೂ ಮೂರೇ ವರ್ಷ. ಮೇಲಾಗಿ, ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ ಎಷ್ಟು ಜನಕ್ಕೆ ಗೊತ್ತು? ಬ್ಯಾಂಕಿನಿಂದ ಕೊಟ್ಟಿದ್ದರೆ ದಾಖಲೆಯಾದರೂ ಉಳಿಯುತ್ತಿತ್ತು, ಅಲ್ವಾ?

ಸರಳ ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರುಪತ್ರವನ್ನು ಗ್ರಾಮ ಪಂಚಾಯಿತಿ, ಉಪನೋಂದಣಿ ಕಚೇರಿಗಳ ಗೋಡೆಗೆ ಅಂಟಿಸಲಿ. ಖರ್ಚೇನೂ ಜಾಸ್ತಿ ಆಗದು.

– ಒಬ್ಬ ಓದುಗ, ದಾವಣಗೆರೆ